ಇದು ಮಾರೋ ನೀರಣ್ಣ

ಸ್ಕಂದಗಿರಿಯ ಬುಡದಲ್ಲಿ, ಪಾಪಾಗ್ನಿ ಮಠದ ಆಸುಪಾಸಿನಲ್ಲಿ, ಶನಿವಾರ-ಭಾನುವಾರ ಕೋಳಿ ಕೂಗುವ ಮೊದಲೇ ಬೆಂಗಳೂರಿನ ಕಾರುಗಳು ಬಂದು ನಿಂತಿರುತ್ತವೆ. ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲು ಬಂದ ಮಕ್ಕಳು ಅವರು. ಕಳೆದ ಮಾಗಿಯಲ್ಲಿ ನೆಂಟರ ಹುಡುಗರ ಜೊತೆ ನಾನೂ ಹೋಗಿದ್ದೆ. ಮಂಡಿನೋವಿನ ನೆಪ ಹೇಳಿ ಕೆಳಗೇ ಉಳಿದು, ಟೀ ಮಾರುವ ಹೆಂಗಸಿನ ಎದುರು ಕಲ್ಲಿನ ಮೇಲೆ ಕೂತೆ. ಮುಂದೆ ನೀರಿನ ಬಾಟಲಿಗಳನ್ನು ಗೋಪುರದ ಹಾಗೆ ಪೇರಿಸಿದ್ದರು. ಹತ್ತುವವರೆಲ್ಲ ಒಂದೊಂದು, ಎರಡೆರಡು ಎತ್ತಿಕೊಂಡು ಹೋದರು. ಜನ ಕರಗಿದ ಮೇಲೆ ಆಕೆ ಗೋಣಿತಾಟಿನ ಮರೆಯಿಂದ ಒಂದು ಹಳೇ ಕ್ಯಾನು ಎಳೆದು, ಲೋಟಕ್ಕೆ ಬಗ್ಗಿಸಿ ಕುಡಿದರು.

‘ಇಷ್ಟೊಂದು ಬಾಟ್ಲಿ ಇಟ್ಕೊಂಡು ಅದ್ಯಾಕಮ್ಮ ಆ ಕ್ಯಾನು?’ ಅಂದೆ.

‘ಇದು ಮಾರೋ ನೀರಣ್ಣ. ಅದು ಕುಡಿಯೋದು. ನಮ್ಮೂರಾಗೆ ಫಿಲ್ಟರ್ ಮಿಷಿನ್ ಐತಲ್ಲ, ಐದು ರೂಪಾಯಿ ಬಿಲ್ಲೆ ಹಾಕಿದ್ರೆ ಕ್ಯಾನ್ ತುಂಬ್ತದೆ.’

ಆ ಎರಡು ನೀರಿನ ಲೆಕ್ಕ ಸುಲಭ. ಬಾಟಲಿ ಲೀಟರಿಗೆ ಇಪ್ಪತ್ತು ರೂಪಾಯಿ. ಮಿಷಿನ್ನಿನದು ಐದು ರೂಪಾಯಿಗೆ ಇಪ್ಪತ್ತು ಲೀಟರ್, ಅಂದರೆ ಲೀಟರಿಗೆ ನಾಲ್ಕಾಣೆ. ಎಂಬತ್ತು ಪಟ್ಟು ಅಂತರ. ನಾಲ್ಕು ಜನರ ಮನೆಗೆ ದಿನಕ್ಕೆ ಕುಡಿಯಲು, ಅಡುಗೆಗೆ ಹನ್ನೆರಡು ಲೀಟರ್ ಹಿಡಿದರೂ ಬಾಟಲಿಯಾದರೆ 240 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಕೂಲಿಯ ಮೂರರಲ್ಲಿ ಎರಡು ಪಾಲು ನೀರಿಗೇ ಹೋದರೆ ಮುದ್ದೆಗೆ ಹಿಟ್ಟು ಎಲ್ಲಿಂದ? 2025ರ ಸೆಪ್ಟೆಂಬರ್ 22ರಿಂದ ಬಾಟಲಿ ನೀರಿನ ಜಿಎಸ್‌ಟಿಯನ್ನು ಶೇ 18ರಿಂದ ಶೇ 5ಕ್ಕೆ ಇಳಿಸಿದರು. ರೈಲಿನಲ್ಲಿ ಮಾರುವ ‘ರೈಲ್ ನೀರ್’ 15ರಿಂದ 14ಕ್ಕೆ ಇಳಿಯಿತು. ಒಂದು ರೂಪಾಯಿ ಉಳಿಯಿತು ಅಂತ ಸಂತೋಷಪಡುವವರು ಪಡಲಿ.

ಪೇಟೆಯ ಗೆಳೆಯರು ‘ನಲ್ಲಿ ನೀರು ಸಾಲದೇ, ಬಾಟಲಿ ಯಾಕೆ?’ ಅಂತ ಕೇಳುವುದುಂಟು. ಒಳ್ಳೆಯ ಪ್ರಶ್ನೆಯೇ. ಆದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ‘ನಲ್ಲಿ ನೀರು’ ಅಂದರೆ ಒಂದೇ ನೀರಲ್ಲ. ಚಿಕ್ಕಬಳ್ಳಾಪುರ ಪಟ್ಟಣದ ನಲ್ಲಿಗೆ ಜಕ್ಕಲಮಡಗು ಜಲಾಶಯದ ನೀರು ಬರುವುದುಂಟು. ಅದು ಬೆಟ್ಟದ ಮಳೆ ನೀರು. ಶೋಧಿಸಿ, ಕ್ಲೋರಿನ್ ಹಾಕಿ, ನೆಟ್ಟಗೆ ಬಿಟ್ಟರೆ ಅದಕ್ಕೆ ಹೆಸರಿಡುವ ಹಾಗಿಲ್ಲ. ಅದು ಕೆಡುವುದೇನಿದ್ದರೂ ಒಡೆದ ಪೈಪಿನಲ್ಲಿ, ಇಲ್ಲವೇ ವರ್ಷಗಟ್ಟಲೆ ತೊಳೆಯದ ನಮ್ಮದೇ ಸಂಪಿನಲ್ಲಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳ ಕಥೆ ಬೇರೆ. ಅಲ್ಲಿ ನಲ್ಲಿ ಅಂದರೆ ಕೊಳವೆಬಾವಿಯ ಇನ್ನೊಂದು ತುದಿ, ಅಷ್ಟೇ.

ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲಕ್ಕೂ ನಂದಿಯ ಸುತ್ತಿನ ಈ ಬೆಟ್ಟಸಾಲೇ ತವರು. ಒಂದಾದರೂ ವರ್ಷವಿಡೀ ಹರಿಯುವುದಿಲ್ಲ. ಕೆರೆ, ಕುಂಟೆ, ತೆರೆದ ಬಾವಿ ಇರುವವರೆಗೆ ಸಾಗಿತು. ತೂಬು ಎತ್ತಿ ಗದ್ದೆಗದ್ದೆಗೆ ಪಾಲು ಹಂಚುತ್ತಿದ್ದ ನೀರುಗಂಟಿಯ ಹೆಸರು ಈಗ ಪಂಚಾಯಿತಿಯಲ್ಲಿ ಮೋಟಾರ್ ಸ್ವಿಚ್ ಒತ್ತುವವನಿಗೆ ಉಳಿದಿದೆ. ಕೊಳವೆಬಾವಿ ಕೊರೆದದ್ದು ಇನ್ನೂರು ಅಡಿ ಆಯಿತು, ಐನೂರಾಯಿತು, ಈಗ ಸಾವಿರ ದಾಟಿ ಸಾವಿರದೈನೂರಕ್ಕೂ ಹೋಗುತ್ತಾರೆ. ಅಷ್ಟು ಆಳದಲ್ಲಿ ಕರಿಬಂಡೆಯ ಬಿರುಕಿನಲ್ಲಿ ಕೂತ ನೀರು ಬಹುಕಾಲ ಬಂಡೆಯನ್ನೇ ನೆಕ್ಕಿರುತ್ತದೆ. ಬಂಡೆಯಲ್ಲಿರುವ ಫ್ಲೋರೈಡ್ ನೀರಿಗಿಳಿದಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 1 ಮಿಲಿಗ್ರಾಂ ಮೀರದಿರಲಿ ಅನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 1.5. ಅದನ್ನು ಮೀರಿದ ಊರುಗಳನ್ನು ನಮ್ಮ ಕಡೆ ಪಟ್ಟಿ ನೋಡಿ ಗುರುತಿಸಬೇಕಿಲ್ಲ, ಮಕ್ಕಳು ನಕ್ಕರೆ ಸಾಕು. ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳು. ದೊಡ್ಡವರಿಗೆ ಮೂಳೆ ಬಿಗಿದು, ಬಗ್ಗಲಾಗದ ಸೊಂಟ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಮನೆಗಳಲ್ಲಿ ನೀರಿನ ಎಲ್ಲ ಕಾಯಿಲೆಗೂ ಒಂದೇ ಮದ್ದು, ಕಾಯಿಸುವುದು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಪಟಿಕ, ಸುಣ್ಣ ಹಾಕಿ ಫ್ಲೋರೈಡನ್ನು ತಳಕ್ಕಿಳಿಸುವ ಉಪಾಯವೊಂದನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು. ತೆಲುಗು ಸೀಮೆಯ ನಲ್ಗೊಂಡದ ಹೆಸರೇ ಅದಕ್ಕೆ. ಈಗ ಹಳ್ಳಿಗಳಲ್ಲಿ ನಡೆಯುತ್ತಿರುವುದು ಆರ್‌ಒ. ನೀರನ್ನು ಪೊರೆಯ ಮೂಲಕ ಒತ್ತಿ ಹಾಯಿಸುವ ಮಿಷಿನ್ನು, ಅಂದರೆ ಟೀ ಮಾರುವ ಆ ತಾಯಿಯ ಕ್ಯಾನು ತುಂಬಿದ್ದು.

ಹಾಗಾದರೆ ಬಾಟಲಿಯೊಳಗೆ ಇರುವುದೇನು? ಬಾಟಲಿಯ ಮೇಲೆ ಹಿಮದ ಬೆಟ್ಟ ಬರೆದಿದ್ದರೂ ಹೆಚ್ಚಿನವು ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’. ಐಎಸ್ 14543ರ ಸರಕು. ಬುಗ್ಗೆಯ ನೀರನ್ನು ಇದ್ದ ಹಾಗೇ ತುಂಬುವ ‘ನ್ಯಾಚುರಲ್ ಮಿನರಲ್ ವಾಟರ್’ ಬೇರೆ, ಅದರ ಸಂಖ್ಯೆ 13428. ಎರಡನೆಯದು ನಮ್ಮೂರಿನ ಗೂಡಂಗಡಿಯಲ್ಲಿ ಸಿಗುವುದು ಅಪರೂಪ. ಮೊದಲನೆಯದನ್ನು ಬಹುಪಾಲು ಕೊಳವೆಬಾವಿಯಿಂದ ಎತ್ತಿ, ಆರ್‌ಒ ಮಾಡಿ, ಓಝೋನ್ ಹಾಯಿಸಿ ತುಂಬುತ್ತಾರೆ. ನೀರು ನೆಲದ್ದೇ, ಮಿಷಿನ್ನಿನ ಜಾತಿಯೂ ಅದೇ. ಮಿಕ್ಕ ಹತ್ತೊಂಬತ್ತು ಮುಕ್ಕಾಲು ರೂಪಾಯಿ ಪ್ಲಾಸ್ಟಿಕ್ಕು, ಲಾರಿ, ಜಾಹೀರಾತು, ಅಂಗಡಿಯ ಲಾಭ.

ದುಡ್ಡು ಹೆಚ್ಚು ಕೊಟ್ಟರೆ ಭರವಸೆಯಾದರೂ ಸಿಗುತ್ತದೆಯೇ? 2025ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷೆ ಮುಗಿಸಿದ 255 ಬಾಟಲಿ ನೀರಿನ ಮಾದರಿಗಳಲ್ಲಿ 95 ಅಸುರಕ್ಷಿತ, 88 ಕಳಪೆ ಅಂತ ಗೊತ್ತಾಯಿತು. ಪಾಸಾದವು 72. ಅದಕ್ಕೂ ಹಿಂದಿನ ವರ್ಷವೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಗುಂಪಿಗೆ ಸೇರಿಸಿತ್ತು. 2024ರಲ್ಲೇ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಲ್ಲಿನ ಬಾಟಲಿ ನೀರನ್ನು ಸೋಸಿ ನೋಡಿ, ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣ ಎಣಿಸಿದರು. ಅದು ಮೈಗೆ ಏನು ಮಾಡುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಹೆದರಿಸಲು ಹೇಳುತ್ತಿಲ್ಲ. ಆದರೂ ಬಿಸಿಲಲ್ಲಿ ಬೆಂದ ಬಾಟಲಿಯನ್ನು ‘ಪ್ಯೂರ್’ ಅಂತ ಮಗುವಿನ ಬಾಯಿಗಿಡುವಾಗ ಕೈ ಒಂದು ಗಳಿಗೆ ತಡೆಯಬೇಡವೇ.

ನಲ್ಲಿಯ ಮೇಲೆ ನಮಗೆ ಅಪನಂಬಿಕೆ ಹುಟ್ಟಿಸಿದವರಲ್ಲಿ ಮಾರುವವರ ಪಾಲು ದೊಡ್ಡದು. ನಮ್ಮ ಮನೆಗೂ ಒಬ್ಬ ಟೈ ಕಟ್ಟಿದ ಹುಡುಗ ಬಂದಿದ್ದ. ಎರಡು ಗಾಜಿನ ಲೋಟ, ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಫಿಲ್ಟರ್ ನೀರು. ಎರಡಕ್ಕೂ ಕಡ್ಡಿಗಳಿದ್ದ ಯಂತ್ರ ಇಳಿಬಿಟ್ಟು ಕರೆಂಟು ಕೊಟ್ಟ. ಎರಡೇ ನಿಮಿಷಕ್ಕೆ ನಮ್ಮ ನೀರು ಬಚ್ಚಲ ಕೊಚ್ಚೆಯಾಯಿತು, ಅವನದು ತಿಳಿಯಾಗೇ ಉಳಿಯಿತು. ‘ಅಯ್ಯೋ, ಇದನ್ನೇನೋ ಇಷ್ಟು ದಿನ ಕುಡಿದದ್ದು’ ಅಂತ ನಮ್ಮಮ್ಮ ಬಾಯಿಗೆ ಸೆರಗು ಇಟ್ಟುಕೊಂಡರು. ಆ ಕೊಚ್ಚೆ ನೀರಿನದಲ್ಲ, ಕಡ್ಡಿಯದು. ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟು ಹರಿಯುವುದು ತೀರ ಕಡಿಮೆ, ಕಡ್ಡಿಯೂ ಅಷ್ಟಾಗಿ ಕರಗುವುದಿಲ್ಲ. ಅವನ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕು ಅಂದೆ. ಬೇರೆ ಮನೆಗೆ ಹೋಗಬೇಕು ಸಾರ್ ಅಂದ.

ಅವನ ಜೇಬಿನಲ್ಲಿದ್ದ ಟಿಡಿಎಸ್ ಮೀಟರ್ ಈಗ ಹಳ್ಳಿಯ ಅಂಗಡಿಗಳಿಗೂ ಬಂದಿದೆ. ನೀರಿಗೆ ಅದ್ದಿ 600 ಬಂದರೆ ‘ವಿಷ’, 40 ಬಂದರೆ ‘ಅಮೃತ’. ಅದು ಅಳೆಯುವುದು ಕರಗಿದ ಲವಣಗಳ ಒಟ್ಟು ಲೆಕ್ಕ ಮಾತ್ರ. 600ರಲ್ಲಿ ಎರಡು ಮಿಲಿಗ್ರಾಂ ಫ್ಲೋರೈಡ್ ಇದೆಯೋ ಅರ್ಧ ಇದೆಯೋ ಅದಕ್ಕೆ ಗೊತ್ತಾಗದು, ಕ್ರಿಮಿಯಂತೂ ಲೆಕ್ಕಕ್ಕೇ ಇಲ್ಲ. ನೀರಿನ ಗುಣವನ್ನು ಬೇರೆ ಥರ ಬಲ್ಲವರು ಶಿಡ್ಲಘಟ್ಟದ ರೇಷ್ಮೆ ರೀಲರುಗಳು. ಗೂಡು ಬೇಯಿಸುವ ನೀರು ಗಡಸಾದರೆ ಎಳೆಯ ಹೊಳಪು ಕೆಡುತ್ತದೆ ಅಂತ ಅವರಿಗೆ ಯಾರೂ ಮೀಟರ್ ತೋರಿಸಿ ಹೇಳಬೇಕಿಲ್ಲ. ರೇಷ್ಮೆಗೆ ತೋರುವ ಈ ನಾಜೂಕನ್ನು ನಮ್ಮ ಗಂಟಲಿಗೆ ನಾವು ತೋರುವುದಿಲ್ಲ.

ಸ್ಕಂದಗಿರಿಯ ಆಚೆ ಬದಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು 1906ರಲ್ಲಿ ಮರಳುಗಾಡಿನ ಏಡನ್‌ಗೆ ಕಳಿಸಿದ್ದರು, ಆ ಊರಿಗೆ ನೀರು, ಚರಂಡಿ ವ್ಯವಸ್ಥೆ ಹೇಗೆ ಮಾಡಬಹುದೆಂದು ನೋಡಿ ಹೇಳಲು. ಅವರ ತವರು ಜಿಲ್ಲೆಯ ಕೆರೆಗಳಿಗೆ ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಎರಡು ಹಂತ ಶುದ್ಧೀಕರಿಸಿದ ಕೊಳಚೆ ನೀರು ಬರುತ್ತಿದೆ. ಯೋಜನೆಯ ಲೆಕ್ಕ ದಿನಕ್ಕೆ 21 ಕೋಟಿ ಲೀಟರ್. ಕುಡಿಯಲಿಕ್ಕಲ್ಲ, ಅಂತರ್ಜಲಕ್ಕೆ ಅನ್ನುತ್ತದೆ ಸರ್ಕಾರ. ಕೆರೆಯ ಕೆಳಗೆ ಕೊಳವೆಬಾವಿ, ಕೊಳವೆಬಾವಿಯ ತುದಿಗೆ ನಲ್ಲಿ. ಅಂತರ್ಜಲವನ್ನು ಕುಡಿಯದೆ ನಾವು ಇನ್ನೇನು ಕುಡಿಯುತ್ತೇವೆ? ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟಗಾರರು ಹಿಡಿದ ಹಟ ನ್ಯಾಯವಾದದ್ದೇ. ನಮ್ಮ ಕಡೆಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಗೌರಿ ಹಬ್ಬದಂದು ಸಕಲೇಶಪುರದ ಬಳಿ ಬಾಗಿನ ಬಿಟ್ಟರು. ಆ ನೀರಿಗಾಗಿ ನಾವು ಕೊಡ ತೊಳೆದಿಟ್ಟು ಕಾಯುತ್ತಿದ್ದೇವೆ.

ನನ್ನ ಮಟ್ಟಿಗೆ ಬಾಟಲಿ ದಂಡ. ಬೆಟ್ಟ ಹತ್ತುವಾಗ ಮನೆಯಿಂದ ತರಲು ಮರೆತವರು ಕೊಳ್ಳಲಿ, ಖಾಲಿಯನ್ನು ಬೆಟ್ಟದ ಮೇಲಿನ ಕೋಟೆಯ ಕಲ್ಲಿನ ಸಂದಿಗೆ ತುರುಕದೆ ಇಳಿಸಿ ತರಲಿ. ಜಲಾಶಯದ ನೀರು ಬರುವ ಕಡೆ ನಲ್ಲಿಯದನ್ನೇ ಕಾಯಿಸಿ ಕುಡಿಯಿರಿ. ಆಳದ ಕೊಳವೆಬಾವಿಯ ಊರುಗಳಲ್ಲಿ ಕುಡಿಯಲು, ಅಡುಗೆಗೆ ಐದು ರೂಪಾಯಿ ಮಿಷಿನ್ನೇ ಸರಿ. ಒಂದೇ ತಕರಾರು: ಆ ಮಿಷಿನ್ನಿನ ಪೊರೆ ಬದಲಿಸಿದ್ದು ಯಾವಾಗ? ಪೊರೆ ಹಳತಾದರೆ ಬಿಲ್ಲೆ ಹಾಕಿ ತಂದದ್ದೂ ನಲ್ಲಿಯದೂ ಒಂದೇ.

ಅದನ್ನು ತಿಳಿಯುವ ದಾರಿಯೂ ಇದೆ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡಬೇಕೆಂಬ ನಿಯಮವಿದೆ. ಫ್ಲೋರೈಡ್ ಪರೀಕ್ಷೆಗೆ ಕೆಲವು ಹನಿ ದ್ರಾವಣ ಸಾಕು. ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ನಾನೂ ಮಿಷಿನ್ ನೀರು ಒಂದು ಸೀಸೆ, ನಲ್ಲಿ ನೀರು ಒಂದು ಸೀಸೆ ಹಿಡಿದು ಕಚೇರಿಯೊಂದಕ್ಕೆ ಹೋಗಿದ್ದೆ. ಕಿಟ್ ಇತ್ತು, ಬೀರುವಿನಲ್ಲಿ. ಬೀರುವಿನ ಬೀಗದ ಕೈ ಇದ್ದವರು ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ ಹೋದಾಗ ರಜೆಯಲ್ಲಿದ್ದರು. ಸೀಸೆಗಳು ಸ್ಕೂಟರಿನ ಡಿಕ್ಕಿಯಲ್ಲೇ ಇವೆ, ಸೋಮವಾರ ಹೊಸ ನೀರು ತುಂಬಿಕೊಂಡು ಮತ್ತೆ ಹೋಗುತ್ತೇನೆ.