ಚಕ್ರ ಗಿರಗಿರನೆ ತಿರುಗಿದರೆ ಕಾರು ಬೇಗ ಹೊರಡುತ್ತದೆಯೇ?

ಸ್ಪೋರ್ಟ್ಸ್ ಕಾರು ಹೊಗೆಯೆಬ್ಬಿಸಿ ಹೊರಡುವುದನ್ನು ಕಂಡು, ಆಕ್ಸಿಲರೇಟರ್ ಪೂರ್ತಿ ಒತ್ತಿದರೇ ವೇಗ ಎಂದು ನಾವು ನಂಬಿಬಿಟ್ಟಿದ್ದೇವೆ. ಟೈರು ತುಸು ಜಾರಿದರೆ ಪರವಾಗಿಲ್ಲ, ವಿಪರೀತ ಜಾರಿದರೆ ಹಿಡಿತ ಕುಸಿಯುತ್ತದೆ. ಆ ಹೊಗೆ ಪೋಲಾದ ಶಕ್ತಿ, ಅಷ್ಟೇ.

ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಾ, ತಿರುವಿನಲ್ಲಿ ನಿಂತು, ಹಿಂದೆ ಬಸ್ಸಿರುವಾಗ ಮತ್ತೆ ಹೊರಟವರಿಗೆ ಇದು ಗೊತ್ತು. ಕಾರು ಮುಂದಕ್ಕೆ ನುಗ್ಗುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಏರಿನಲ್ಲಂತೂ ಇನ್ನೂ ಹೆಚ್ಚು. ಹಿಂಚಕ್ರದಿಂದ ಓಡುವ ಸ್ಪೋರ್ಟ್ಸ್ ಕಾರಿಗೆ ಅದು ಲಾಭ. ನಮ್ಮ ಸಣ್ಣ ಕಾರುಗಳಲ್ಲಿ ಬಹುತೇಕ ಎಳೆಯುವುದು ಮುಂಚಕ್ರಗಳು. ಬೇಕಾದ ಹೊತ್ತಿಗೇ ಅವು ಹಗುರಾಗುತ್ತವೆ!

ಜಾರಿದರೆ ಕಾಲು ಸಡಿಲಿಸಿ. ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಬಂಟ್ವಾಳ, ಮೂಡುಬಿದಿರೆಯ ಒಳದಾರಿಗಳ ಕೆಮ್ಮಣ್ಣಿನ ಕೆಸರಿನಲ್ಲಿ ಎರಡನೇ ಗೇರಿನಲ್ಲೇ ಮೆಲ್ಲಗೆ ಹೊರಡಬಹುದು. ಕಡಿದಾದ ಏರಿನಲ್ಲಿ ಮಾತ್ರ ಬೇಡ, ಕ್ಲಚ್ ಸುಟ್ಟೀತು.