ಕಲ್ಲಿನ ಮೇಲಿರುವ ಹೆಸರು ಬಾಯಿಗೆ ಬಾರದೇ?

ಕಳೆದ ತಿಂಗಳು ಗಿರಣಿಗೆ ರಜೆಯಿದ್ದ ದಿನ ನಾವು ಹದಿನಾಲ್ಕು ಮಂದಿ ಅರಸೀಕೆರೆಯಲ್ಲಿ ರೈಲಿಳಿದು, ಬಸ್ಸು ಹಿಡಿದು, ಹಳೇಬೀಡನ್ನು ನೋಡಿಕೊಂಡು ಬೇಲೂರಿಗೆ ಹೋದೆವು. ಬುತ್ತಿ ಕಟ್ಟಿಕೊಂಡು ಹೋದ ಕಾರಣ ಹೋಟೆಲಿನ ಖರ್ಚು ತಪ್ಪಿತು. ಗೈಡಿನ ಕೂಲಿಯನ್ನು ಎಲ್ಲರೂ ಸಮನಾಗಿ ಹಂಚಿಕೊಂಡೆವು.

ಗೈಡು ಒಂದು ಗಂಟೆ ಹೊತ್ತು ಹೇಳಿದ. ವಿಷ್ಣುವರ್ಧನ ಮಹಾರಾಜ ಕಟ್ಟಿಸಿದ, 1117ರಲ್ಲಿ ಪ್ರತಿಷ್ಠೆ ಮಾಡಿದ, ಕನ್ನಡಿ ಹಿಡಿದ ಈ ದರ್ಪಣಸುಂದರಿ ಶಾಂತಲಾದೇವಿಯೇ, ಇತ್ಯಾದಿ. ನಮ್ಮ ಜೊತೆಗಿದ್ದ ನೂಲಿನ ಖಾತೆಯ ಹಿರಿಯರೊಬ್ಬರು, "ಕಟ್ಟಿಸಿದವರ ಹೆಸರಾಯಿತಪ್ಪ, ಕಟ್ಟಿದವರು ಯಾರು?" ಎಂದು ಕೇಳಿದರು. "ಜಕಣಾಚಾರಿ" ಎಂದು ಹೇಳಿ ಆತ ಮುಂದಿನ ಕಂಬಕ್ಕೆ ಹೊರಟ.

ಆತನ ಮೇಲೆ ನಮಗೆ ಕೋಪವಿಲ್ಲ. ಅವನೂ ಬಿಸಿಲಲ್ಲಿ ಗಂಟಲು ಹರಿದುಕೊಂಡು ದುಡಿಯುವ ಮನುಷ್ಯ, ಕಲಿಸಿದ್ದನ್ನು ಒಪ್ಪಿಸುತ್ತಾನೆ. ನಾವು ಕೇಳುವುದು ಕಲಿಸಿದವರನ್ನು. ಆ ಮದನಿಕೆಯರ ಕಾಲ ಬುಡದಲ್ಲಿ, ಪೀಠದ ಮೇಲೆ, ಸಣ್ಣ ಅಕ್ಷರದಲ್ಲಿ ಕೆತ್ತಿರುವುದೇನು? ಹೆಸರುಗಳು! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ. ಹುಲಿಯಂಥ ರಾಜನ ಗುಡಿಯಲ್ಲಿ ಉಳಿ ಹಿಡಿದವನು ಅಂಜದೆ ತನ್ನ ರುಜು ಹಾಕಿದ್ದಾನೆ, ಕೆಲವರು ತಂದೆಯ ಹೆಸರನ್ನೂ ಊರನ್ನೂ ಸೇರಿಸಿದ್ದಾರೆ, ಬಿರುದನ್ನೂ ಹೇಳಿಕೊಂಡಿದ್ದಾರೆ. ಆ ಹಳೆಯ ಲಿಪಿ ಓದಲು ನಮ್ಮ ಮೆಟ್ರಿಕ್ ವಿದ್ಯೆ ಸಾಲದು, ನಿಜ. ಆದರೆ ಓದಬಲ್ಲವರು ಓದಿ ಆಗಿದೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯದ ಮೇಲೆ ಪುಸ್ತಕ ಅಚ್ಚು ಹಾಕಿಸಿದ್ದು 1919ರಲ್ಲಿ. ನೂರು ವರ್ಷ ದಾಟಿದರೂ ಆ ಹೆಸರುಗಳು ಪುಸ್ತಕದಿಂದ ಇಳಿದು ಗೈಡಿನ ಬಾಯಿಗೆ ಬಂದಿಲ್ಲವೆಂದರೆ ಇದು ಮರೆವೋ, ಉದಾಸೀನವೋ?

ಜಕಣಾಚಾರಿಯ ಕಥೆ ಜನರ ಕಥೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಬೇಲೂರಿನ ಪೀಠಗಳ ರುಜುಗಳಲ್ಲಿ ಆ ಹೆಸರಿಲ್ಲ. ಹತ್ತಾರು ಜನ ತಾವೇ ಬರೆದಿಟ್ಟ ಹೆಸರುಗಳನ್ನು ಬದಿಗಿಟ್ಟು, ಒಂದು ಕಥೆಯ ಹೆಸರಿನಲ್ಲಿ ಎಲ್ಲರನ್ನೂ ಮುಗಿಸಿಬಿಡುವುದು ಸುಲಭದ ಲೆಕ್ಕ. ಗಿರಣಿಯ ಹಾಜರಿ ಪುಸ್ತಕ ಸುಟ್ಟು, ಮೇಸ್ತ್ರಿಯೊಬ್ಬನೇ ಬಟ್ಟೆ ನೇಯ್ದ ಎಂದಂತೆ. ಅಷ್ಟೇ ಅಲ್ಲ. ದೇವಾಲಯದ ಖರ್ಚಿಗೆ ಊರುಗಳನ್ನೇ ದತ್ತಿ ಬಿಟ್ಟ ಸಂಗತಿ ಶಾಸನದಲ್ಲಿದೆ. ಆ ಊರುಗಳಲ್ಲಿ ಉತ್ತವರ ಬೆವರೂ ಈ ಕಲ್ಲಿನಲ್ಲಿದೆ. ಅವರಿಗಂತೂ ರುಜು ಹಾಕುವ ಅವಕಾಶವೂ ಇರಲಿಲ್ಲ.

"ಈ ಸಮಾಜವಾದಿಗಳು ಗುಡಿಯಲ್ಲೂ ಕೂಲಿ ಲೆಕ್ಕ ಹುಡುಕುತ್ತಾರೆ" ಎಂದು ಕೆಲವು ಮಹನೀಯರು ಮೂಗು ಮುರಿಯಬಹುದು. ಮುರಿಯಲಿ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮಗೂ ಹೆಮ್ಮೆಯೇ. ಆದರೆ ಪಟ್ಟಿಗೆ ಸೇರಿದ ಕಲ್ಲಿನ ಪಕ್ಕದಲ್ಲಿ ಬದುಕುವವರ ಗತಿ ಏನು?

ನಾವು ಊಟ ಮುಗಿಸಿ ಎಳನೀರು ಕುಡಿಯಲು ರಸ್ತೆಗೆ ಬಂದೆವು. ಮಾರುತ್ತಿದ್ದವಳು ಅರವತ್ತು ದಾಟಿದ ಅಜ್ಜಿ. ಇನ್ನೂ ಎರಡು ಕಾಯಿ ಕೊಚ್ಚಿರಲಿಲ್ಲ, ಸಮವಸ್ತ್ರದವನೊಬ್ಬ ಬಂದು, ಯಾರೋ ದೊಡ್ಡವರ ಕಾರು ಬರುತ್ತದೆ, ಗಾಡಿ ತೆಗಿ ಎಂದ. ನಮ್ಮ ಹುಡುಗರು ಗಾಡಿ ತಳ್ಳಿಕೊಟ್ಟರು. "ಏನ್ ಮಾಡದು ಸ್ವಾಮಿ, ದಿನಾ ಇದೇ ಗೋಳು" ಎಂದಳು. ಕಾರು ಬಂತು, ಹೋಯಿತು. ಒಳಗಿದ್ದವರು ಇಳಿಯಲೇ ಇಲ್ಲ.

ಅಜ್ಜಿಗೆ ಗೊತ್ತಿಲ್ಲದ, ಆ ಸಮವಸ್ತ್ರದವನಿಗೆ ಯಾರೂ ಹೇಳದ ಒಂದು ಕಾನೂನಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಹಂಚುವ ತನಕ ಬೀದಿ ವ್ಯಾಪಾರಿಯನ್ನು ಒಕ್ಕಲೆಬ್ಬಿಸುವಂತಿಲ್ಲ. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಕೂರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಸಣ್ಣ ವ್ಯಾಪಾರಿ ಮಿತ್ರರು ಇದನ್ನು ಕತ್ತರಿಸಿ ಅಂಗಡಿಯಲ್ಲಿ ಅಂಟಿಸಿಕೊಳ್ಳಲಿ.

ಇನ್ನು ಮನೆಗಳ ಮಾತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆ ಇನ್ನೂ 200 ಮೀಟರು ಅನುಮತಿಯಿಲ್ಲದೆ ಕೂಡದು ಎಂದು 2010ರ ತಿದ್ದುಪಡಿ ಬಿಗಿ ಮಾಡಿತು. ರಿಪೇರಿಗೂ ಅಪ್ಪಣೆ ಬೇಕು. ಗುಡಿ ಉಳಿಯಬೇಕು, ಆದ್ದರಿಂದ ನಿಯಮ ಬೇಕು. ಇದರಲ್ಲಿ ನಮಗೆ ತಕರಾರಿಲ್ಲ. ತಕರಾರಿರುವುದು ತಕ್ಕಡಿಯ ಬಗ್ಗೆ. ಬಡವ ಸೋರುವ ಮಾಡಿಗೆ ಅರ್ಜಿ ಹಿಡಿದು ಅಲೆಯಬೇಕು. ಆದರೆ ಕೇಂದ್ರ ಸರ್ಕಾರ ತನ್ನದೇ ಕಾಮಗಾರಿಗಳಿಗೆ ಆ 100 ಮೀಟರಿನೊಳಗೆ ದಾರಿ ಬಿಡಿಸಿಕೊಳ್ಳುವ ಮಸೂದೆ ತಂದಿತು. 2018ರ ಜನವರಿಯಲ್ಲಿ ಲೋಕಸಭೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು! ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋದ ಮೇಲೆ ಕಾನೂನಾಗಲಿಲ್ಲವೆಂಬುದೇ ಸಮಾಧಾನ. ಗುಡಿಗೆ ಅಪಾಯ ಬಡವನ ಹೆಂಚಿನಿಂದ ಮಾತ್ರ, ಸರ್ಕಾರದ ಸಿಮೆಂಟಿನಿಂದ ಇಲ್ಲವೆಂಬುದು ಯಾವ ನ್ಯಾಯ?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಬೇಲೂರಿನ ಪ್ರಾಕಾರದಲ್ಲಿ, ಪ್ರವಾಸಿಗರ ಕಣ್ಣಿಗೆ ಬೀಳುವ ಕಡೆ, ಈ ಶಿಲ್ಪಿಗಳ ಹೆಸರುಗಳನ್ನು ಹೊಸಗನ್ನಡ ಅಕ್ಷರದಲ್ಲಿ ಬರೆದ ಫಲಕ ಹಾಕಬೇಕು. ಯಾವ ಮೂರ್ತಿ ಯಾರದು ಎಂದು ಗೈಡುಗಳಿಗೆ ಕಲಿಸಬೇಕು. ಗುಡಿಯ ರಸ್ತೆಯ ವ್ಯಾಪಾರಿಗಳಿಗೆ ನೆರಳಿರುವ, ಖಾಯಂ ಜಾಗ ಗೊತ್ತುಮಾಡಬೇಕು. 300 ಮೀಟರಿನೊಳಗಿನ ಮನೆಯವರ ರಿಪೇರಿ ಅರ್ಜಿಗಳನ್ನು ಬೇಲೂರಿನಲ್ಲೇ ತೆಗೆದುಕೊಂಡು, ಗೊತ್ತಾದ ದಿನದೊಳಗೆ ಉತ್ತರ ಕೊಡಬೇಕು.

ಅರ್ಜಿ ಸಿದ್ಧವಾಗಿದೆ. ರುಜು ಹಾಕುವವರು ಭಾನುವಾರ ಬೆಳಿಗ್ಗೆ ಹತ್ತರಿಂದ ಪಕ್ಷದ ಕಚೇರಿಗೆ ಬರಬೇಕು. ಬರೆಯಲು ಬಾರದವರಿಗೆ ಹೆಬ್ಬೆಟ್ಟಿನ ಶಾಯಿ ಇಟ್ಟಿದ್ದೇವೆ. ಪಕ್ಕದಲ್ಲಿ ಹೆಸರು, ತಂದೆಯ ಹೆಸರು, ಊರು ಬರೆಯುವ ಕೆಲಸ ನಮ್ಮದು.