ಊರ ಕೆರೆಗೆ ಬೀಗ ಹಾಕುವವರು

ಹುಲಗೂರಿನ ರಿಪೇರಿ ಅಂಗಡಿಯವನೊಬ್ಬ ಹಳೆಯ ವೈ-ಫೈ ರೌಟರುಗಳನ್ನು ಕೊಂಡು, ಕಂಪನಿಯ ಫರ್ಮ್‌ವೇರ್ ಅಳಿಸಿ, ಓಪನ್‌ಡಬ್ಲ್ಯುಆರ್‌ಟಿ ತುಂಬಿ, ತನಗೆ ಬೇಕಾದಂತೆ ತಿದ್ದಿ ಶಿಗ್ಗಾಂವಿಯ ಗಿರಾಕಿಗಳಿಗೆ ಮಾರುತ್ತಾನೆಂದು ಇಟ್ಟುಕೊಳ್ಳೋಣ. ಇದು ಕಳ್ಳತನವೆ? ಖಂಡಿತ ಅಲ್ಲ. ಮಾರುವ ಹಕ್ಕೂ ಲಾಭ ಪಡೆಯುವ ಹಕ್ಕೂ ಅವನಿಗುಂಟು. ಕಾಯಿದೆಯ ಗುಮ್ಮ ತೋರಿಸುವ ಏಜೆಂಟರಿಗೆ ಅವನು ಅಂಜಬೇಕಾಗಿಲ್ಲ.

ಆದರೆ "ಬಿಟ್ಟಿ ಬಂದದ್ದು, ಯಾರಪ್ಪನ ಗಂಟು?" ಎಂದು ಅವನು ಹೇಳಿದರೆ ಅದೂ ಸುಳ್ಳೇ. ಅದರೊಳಗಿನ ಲಿನಕ್ಸ್ ತಿರುಳು 1991ರ ಜಿಪಿಎಲ್ ಎರಡನೆಯ ಆವೃತ್ತಿಯ ಕರಾರಿಗೆ ಒಳಪಟ್ಟದ್ದು. ತಿದ್ದಿದ ಕಡತದಲ್ಲಿ ತಿದ್ದಿದ ಸಂಗತಿ, ತಾರೀಖು ಕಾಣಿಸಬೇಕು. ಕರಾರಿನ ಪ್ರತಿ ಕೊಡಬೇಕು. ಮೂಲಸಂಹಿತೆಯನ್ನು ಯಂತ್ರದ ಸಂಗಡವೇ ಕೊಡಬೇಕು. ಇಲ್ಲವೇ ಪ್ರತಿ ಮಾಡುವ ಖರ್ಚಿನಲ್ಲಿ ಕೇಳಿದವರಿಗೆ ಕೊಡುವೆನೆಂದು ಕನಿಷ್ಠ 3 ವರ್ಷ ಸಲ್ಲುವ ಬರಹ ಕೊಡಬೇಕು. ತಪ್ಪಿದರೆ ಕರಾರಿನ ಹಕ್ಕು ರದ್ದು. ಆಮೇಲೆ ಗೊತ್ತಿದ್ದೂ ಮಾರಿದರೆ 1957ರ ಕೃತಿಸ್ವಾಮ್ಯ ಕಾಯಿದೆಯಂತೆ 6 ತಿಂಗಳಿಂದ 3 ವರ್ಷಗಳ ಸೆರೆವಾಸದವರೆಗೂ ಹೋದೀತು. ಹಳೆಯ ಕಂಪನಿಯ ಹೆಸರಿರುವ ಪೆಟ್ಟಿಗೆಯ ಮೇಲೆ "ತಿದ್ದಿದ್ದು ನಾನು" ಎಂಬ ಚೀಟಿಯೂ ಬೇಕು. ಬದಲಾದ ಸರಕನ್ನು ತನ್ನ ಹೆಸರಿನಲ್ಲಿ ಮಾರುವುದನ್ನು ಗುರುತಿನ ಒಡೆಯ ವಿರೋಧಿಸಬಹುದೆಂದು 1999ರ ಟ್ರೇಡ್ ಮಾರ್ಕ್ ಕಾಯಿದೆ ಹೇಳುತ್ತದೆ. ತಿದ್ದುಪಡಿಯಿಂದ ಗಿರಾಕಿಗೆ ಹಾನಿಯಾದರೆ 2019ರ ಗ್ರಾಹಕ ಕಾಯಿದೆ ತಿದ್ದಿ ಮಾರಿದವನನ್ನೇ ಹಿಡಿಯುತ್ತದೆ. ರೇಡಿಯೋ ಶಕ್ತಿಯನ್ನು ಮಿತಿ ಮೀರಿ ಏರಿಸುವುದಂತೂ ಬೇರೆಯೇ ಅಪರಾಧ.

ಬಡ ರಿಪೇರಿಗಾರನಿಗೆ ಇಷ್ಟೆಲ್ಲ ನಿಯಮ! ದೊಡ್ಡವರೇನು ಮಾಡಿದರು? ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ರೌಟರಿನಲ್ಲಿ ಲಿನಕ್ಸ್ ತುಂಬಿ ಮಾರಿತು, ಮೂಲಸಂಹಿತೆ ಮಾತ್ರ ಬಚ್ಚಿಟ್ಟಿತು. ಜನ ಪಟ್ಟು ಹಿಡಿದ ಮೇಲೆ 2003ರಲ್ಲಿ ಹೊರಗಿಟ್ಟಿತು. ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಲಿಂಕ್‌ಸಿಸ್‌ನ ಒಡೆಯನಾದ ಸಿಸ್ಕೋ ಆಮೇಲೂ ಕರಾರು ಪಾಲಿಸಲಿಲ್ಲವೆಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರಲ್ಲಿ ದಾವೆ ಹೂಡಿತು. 2009ರಲ್ಲಿ ರಾಜಿಯಾಗಿ ಸಿಸ್ಕೋ ದೇಣಿಗೆ ತೆರಬೇಕಾಯಿತು. ಎಲ್ಲರೂ ಸೇರಿ ತೋಡಿದ ಕೆರೆಯ ನೀರನ್ನು ಸೀಸೆಯಲ್ಲಿ ತುಂಬಿ ಮಾರುವುದು, ಕೆರೆಯ ದಾರಿಗೆ ಬೀಗ ಜಡಿಯುವುದು—ಇದಕ್ಕೆ ವ್ಯಾಪಾರವೆಂಬ ಮರ್ಯಾದೆಯ ಹೆಸರು!

ಈಗಿನ ಉಪಾಯ ಇನ್ನೂ ನಯವಾದದ್ದು. ಮೂಲಸಂಹಿತೆ ಕೊಡುತ್ತಾರೆ, ತಿದ್ದಿ ತುಂಬಹೋದರೆ ಯಂತ್ರ ಒಪ್ಪುವುದಿಲ್ಲ, ಗುಪ್ತಕೀಲಿ ಕಂಪನಿಯ ತಿಜೋರಿಯಲ್ಲಿ. 2007ರ ಮೂರನೆಯ ಆವೃತ್ತಿ ಮನೆಬಳಕೆಯ ಸರಕುಗಳ ಮಟ್ಟಿಗೆ ಈ ಕಿಂಡಿಯನ್ನು ಮುಚ್ಚಿತು. ಲಿನಕ್ಸ್ ತಿರುಳು ಇಂದಿಗೂ ಎರಡನೆಯದರಲ್ಲೇ ಇದೆ.

ನಮ್ಮಲ್ಲಿ ಬೇರೆ ದಾರಿಯೂ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಕೂಡಿ ಕಟ್ಟಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ನಡೆಯುತ್ತಿತ್ತು. ಯಂತ್ರದ ನಕ್ಷೆಗೂ ಜಿಪಿಎಲ್ ಮಾದರಿಯ ಕರಾರು ಬರೆದರು, ತಿದ್ದಿ ಮಾರಿದವನು ಕಾಲಾನಂತರ ತಿದ್ದುಪಡಿಯನ್ನು ಹೊರಗೆಡಹಬೇಕು. 2004ರಲ್ಲಿ ಸರಕಾರಿ ಬಿಇಎಲ್ ಕಾರಖಾನೆಯಿಂದ ಅಮಿಡಾ ಹೊರಬಂತು. ಪೇಟೆಯಲ್ಲಿ ನಿಲ್ಲಲಿಲ್ಲ, ಅದು ಬೇರೆ ಕಥೆ.

ಹುಲಗೂರಿನವನು ಒಂದು ಚೀಟಿ, ಒಂದು ಪೆನ್‌ಡ್ರೈವ್ ಕೊಟ್ಟು ನ್ಯಾಯವಾಗಿ ಮಾರಲಿ. ಸರಕಾರವೋ, ಶಾಲೆಗಳಿಗೂ ಗ್ರಾಮ ಪಂಚಾಯತಿಗಳಿಗೂ ಕೊಳ್ಳುವ ಪ್ರತಿಯೊಂದು ಯಂತ್ರದ ಟೆಂಡರಿನಲ್ಲಿ ಈ ಷರತ್ತು ಹಾಕಲಿ: ಮೂಲಸಂಹಿತೆ ಕೊಡಿ, ಕೀಲಿಯನ್ನೂ ಕೊಡಿ. ಒಪ್ಪದ ಕಂಪನಿಗೆ ನಮ್ಮ ತೆರಿಗೆಯ ದುಡ್ಡು ಬೇಡ.